ಡೌನ್‌ಲೋಡ್ ಆದ ಫೈಲ್ ಅಸಲಿಯಾ? ಚೆಕ್‌ಸಮ್ ಹಾಕಿ ನೋಡಿ

ದೊಡ್ಡ ಫೈಲೊಂದನ್ನು ಇಳಿಸಿಕೊಂಡಿದ್ದೀರಿ. ಇನ್‌ಸ್ಟಾಲ್ ಮಾಡಲು ಹೋದರೆ ಅರ್ಧಕ್ಕೇ ನಿಂತು ಎರರ್ ತೋರಿಸುತ್ತದೆ. ನಡುವೆ ನೆಟ್ ಕೈಕೊಟ್ಟು ಫೈಲ್ ಕೆಟ್ಟಿರಬಹುದು. ಯಾರೋ ಅದರೊಳಗೆ ಕೈಯಾಡಿಸಿದ್ದರೆ ಇನ್ನೂ ಕಷ್ಟ, ಆಗ ಎರರ್ ಕೂಡ ಬರುವುದಿಲ್ಲ. ಫೈಲ್ ತೆರೆಯುವ ಮೊದಲೇ ಇದನ್ನು ಪತ್ತೆ ಹಚ್ಚಲು ಚೆಕ್‌ಸಮ್ ಇದೆ.

ಫೈಲಿನ ಒಂದೊಂದು ಬೈಟನ್ನೂ ಲೆಕ್ಕಕ್ಕೆ ಹಿಡಿದು ತೆಗೆದ ಅಂಕಿ-ಅಕ್ಷರಗಳ ಸಾಲು ಇದು. ಇದನ್ನು ಲೆಕ್ಕ ಹಾಕುವ ಶಾ-256 (SHA-256) ಎಂಬ ವಿಧಾನದಲ್ಲಿ ಫೈಲ್ ಎಷ್ಟೇ ದೊಡ್ಡದಿದ್ದರೂ ಸಾಲು 64 ಅಕ್ಷರದ್ದೇ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ.

ಮೊದಲು, ತಂತ್ರಾಂಶ ತಯಾರಿಸಿದವರ ಅಧಿಕೃತ ತಾಣದಲ್ಲಿ ಕೊಟ್ಟಿರುವ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಾದರೆ ಪವರ್‌ಶೆಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ‘ಗೆಟ್-ಫೈಲ್‌ಹ್ಯಾಶ್’ (Get-FileHash) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದು ಸ್ಪೇಸ್ ಕೊಟ್ಟು, ಫೈಲನ್ನು ಮೌಸ್‌ನಿಂದ ಎಳೆದು ಅಲ್ಲಿಗೆ ಬಿಡಿ, ಎಂಟರ್ ಒತ್ತಿ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ‘ಶಾಸಮ್ -ಎ 256’ (shasum -a 256), ಲಿನಕ್ಸ್‌ನಲ್ಲಿ ‘ಶಾ256ಸಮ್’ (sha256sum). ಉಳಿದದ್ದೆಲ್ಲ ಹಾಗೇ.

ಬಂದ ಸಾಲನ್ನು ಕಣ್ಣಲ್ಲೇ ಹೋಲಿಸಲು ಹೋಗಬೇಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಸುಮ್ನೆ ‘ಓಕೆ’ ಅನ್ನುವವರೇ ಜಾಸ್ತಿ. ಅಷ್ಟನ್ನು ಮಾತ್ರ ಹೊಂದಿಸುವುದು ಕಳ್ಳರಿಗೆ ಕಷ್ಟವೇನಲ್ಲ. ಬಂದ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಹುಡುಕಿ. ಸಿಕ್ಕರೆ ಎರಡೂ ಒಂದೇ. ಪವರ್‌ಶೆಲ್ ದೊಡ್ಡಕ್ಷರಗಳಲ್ಲಿ ತೋರಿಸುತ್ತದೆ, ತಾಣಗಳಲ್ಲಿ ಸಾಮಾನ್ಯವಾಗಿ ಸಣ್ಣಕ್ಷರ ಇರುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಹೊಂದಲಿಲ್ಲವೇ? ಗಾಬರಿ ಬೇಡ. ಬೇರೆ ಆವೃತ್ತಿಯ ಸಾಲು ತೆಗೆದುಕೊಂಡಿದ್ದೀರಾ ನೋಡಿ. ಉದ್ದವನ್ನೂ ಎಣಿಸಿ: 32 ಅಕ್ಷರವಿದ್ದರೆ ಅದು ಬಹುಶಃ ಎಂಡಿ5 (MD5) ವಿಧಾನದ್ದು, 40 ಇದ್ದರೆ ಶಾ-1 (SHA-1) ವಿಧಾನದ್ದು. ಆ ವಿಧಾನದಲ್ಲೇ ಲೆಕ್ಕ ಹಾಕಬೇಕು. ಆದರೆ ಇವೆರಡೂ ಹಳೆಯವು. ಒಂದೇ ಚೆಕ್‌ಸಮ್ ಬರುವ ಎರಡು ಬೇರೆ ಫೈಲ್‌ಗಳನ್ನು ಬೇಕೆಂದೇ ತಯಾರಿಸಬಹುದು ಎಂದು ಎಂಡಿ5 ವಿಷಯದಲ್ಲಿ 2004ರಲ್ಲೇ, ಶಾ-1 ವಿಷಯದಲ್ಲಿ 2017ರಲ್ಲಿ ತೋರಿಸಲಾಗಿದೆ. ಡೌನ್‌ಲೋಡ್ ಕೆಟ್ಟಿದೆಯಾ ಎಂದು ನೋಡಲು ಸಾಕು, ಕಳ್ಳಕೈ ಹಿಡಿಯಲು ಸಾಲದು. ಎಲ್ಲ ಸರಿಯಿದ್ದೂ ಹೊಂದದಿದ್ದರೆ ಫೈಲ್ ಅಳಿಸಿ ಮತ್ತೆ ಇಳಿಸಿಕೊಳ್ಳಿ. ಆಗಲೂ ಹೊಂದದಿದ್ದರೆ ತೆರೆಯಲೇಬೇಡಿ, ತಯಾರಕರಿಗೆ ತಿಳಿಸಿ.

ಇಷ್ಟಾದರೂ ಸಾಲು ಎಲ್ಲಿಂದ ಬಂತು ಎನ್ನುವುದೇ ಮುಖ್ಯ. 2016ರ ಫೆಬ್ರುವರಿಯಲ್ಲಿ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ತಾಣಕ್ಕೇ ನುಗ್ಗಿದವರು, ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿಟ್ಟ (ಗುಟ್ಟಾಗಿ ಒಳನುಗ್ಗಲು ದಾರಿ ಮಾಡಿಟ್ಟ) ನಕಲಿ ಫೈಲಿನತ್ತ ತಿರುಗಿಸಿದ್ದರು. ಪುಟವನ್ನೇ ತಿದ್ದಬಲ್ಲವರು ಅದರಲ್ಲಿರುವ ಚೆಕ್‌ಸಮ್ ಅನ್ನೂ ತಿದ್ದಬಲ್ಲರು ಅಲ್ವಾ? ಹಾಗಾಗಿ ಚೆಕ್‌ಸಮ್ ಜೊತೆ ತಯಾರಕರ ಡಿಜಿಟಲ್ ಸಹಿಯೂ ಇದ್ದರೆ, ಸಹಿ ಪರೀಕ್ಷಿಸುವ ಜಿಪಿಜಿ (GPG) ಎಂಬ ತಂತ್ರಾಂಶ ಬಳಸಿ ಅದನ್ನೂ ಪರೀಕ್ಷಿಸಿ. ಸಹಿ ಹಾಕುವ ಗುಟ್ಟಿನ ಕೀಲಿ ಸಾಮಾನ್ಯವಾಗಿ ತಾಣದ ಸರ್ವರ್‌ನಲ್ಲಿ ಇರುವುದಿಲ್ಲ.