ತಿಂಗಳಿಗೆ ಇನ್ನೂರು, ಐದನೇ ತಾರೀಕು

‘ಇನ್ನೂರು ರೂಪಾಯಿಗೆ ಕಾಡು ಉಳಿಯುತ್ತೇನಯ್ಯಾ?’ ಅಂತ ಮೊದಲು ನಕ್ಕವರು ನಮ್ಮ ಭಾವ. ಈಗ ಕಾಡಿಗೆ ಅಂತ ತಿಂಗಳಿಗೆ ತಲಾ ಇನ್ನೂರು ಕೊಡೋ ನಮ್ಮ ಗುಂಪಿನಲ್ಲಿ 53 ಜನ ಇದ್ದೇವೆ. ತಿಂಗಳಿಗೆ ಹೆಚ್ಚೂಕಡಿಮೆ 10 ಸಾವಿರ ಆಗುತ್ತೆ. ಮೂರು ವರ್ಷದಿಂದ ಒಂದು ತಿಂಗಳೂ ತಪ್ಪಿಲ್ಲ.

ಶುರುವಾಗಿದ್ದು 2019ರ ಫೆಬ್ರವರಿಯಲ್ಲಿ, ಬಂಡೀಪುರಕ್ಕೆ ಬೆಂಕಿ ಬಿದ್ದಾಗ. ಟಿವಿ ನೋಡಿದವರೆಲ್ಲ ಕೈ ಬಿಚ್ಚಿ ಕೊಟ್ಟರು. ಹತ್ತೇ ದಿನಕ್ಕೆ 68 ಸಾವಿರ. ನಾನೂ ಸ್ವಲ್ಪ ಬೀಗಿದೆ. ಮುಂದಿನ ತಿಂಗಳು ಬಂದಿದ್ದು ಎರಡು ಸಾವಿರ!

ಆ 68 ಸಾವಿರದಲ್ಲಿ ಮುಕ್ಕಾಲು ಪಾಲು ಶೂಗೆ ಹೋಯಿತು. ಬೆಂಕಿ ಕಾವಲಿನವರಿಗೆ ಅಂತ ನಾನೇ ಅಂದಾಜಿನ ಮೇಲೆ ಎಂಟು, ಒಂಬತ್ತು ನಂಬರಿನವು ತಂದಿದ್ದೆ. ಅವರಲ್ಲಿ ಜಾಸ್ತಿ ಜನರ ಕಾಲು ಆರು, ಏಳು. ಒಬ್ಬ ಹುಡುಗ ತುದಿಗೆ ಬಟ್ಟೆ ತುರುಕಿ ಹಾಕಿಕೊಂಡ. ನಾಲ್ಕು ಹೆಜ್ಜೆ ನಡೆದು, ನಗುತ್ತಾ ಬಿಚ್ಚಿಟ್ಟ. ಮೇಲಾಗಿ ವಸ್ತು ಕೊಟ್ಟರೆ 80ಜಿ, ಅಂದರೆ ದಾನಕ್ಕೆ ಸಿಗೋ ತೆರಿಗೆ ವಿನಾಯಿತಿ, ಇಲ್ಲ, ಹಾಗಾಗಿ ರಸೀದಿ ಕೇಳಿದವರ ಹತ್ತಿರವೂ ಬೈಸಿಕೊಂಡೆ. ಅಲ್ಲೇ ಇದ್ದ ವಯಸ್ಸಾದ ಕಾವಲುಗಾರರೊಬ್ಬರು, ‘ಬೆಂಕಿ ದಾಟದ ಹಾಗೆ ಹುಲ್ಲು, ಪೊದೆ ತೆಗೆದು ಬೆಂಕಿ ರೇಖೆ ಮಾಡೋದು ಡಿಸೆಂಬರ್, ಜನವರೀಲಿ ಸಾರ್. ಆವಾಗ ಬರಬೇಕಿತ್ತು’ ಅಂದರು. ನಮ್ಮ ದುಡ್ಡು ಬಂದಿದ್ದು ಎಲ್ಲ ಸುಟ್ಟ ಮೇಲೆ ಅಲ್ವಾ?

ಆಮೇಲೆ ವಾಟ್ಸಾಪ್‌ನಲ್ಲಿ ತಿಂಗಳ ವಸೂಲಿ ಶುರು ಮಾಡಿದೆ. 22 ಜನ ಸೇರಿದರು, ನಾಲ್ಕನೇ ತಿಂಗಳಿಗೆ ಒಂಬತ್ತು ಜನ ಉಳಿದರು. ಚೀಟಿ ದುಡ್ಡು ಕೇಳಿದ ಹಾಗೆ ಎಲ್ಲರ ಬೆನ್ನು ಹತ್ತಬೇಕಿತ್ತು. ಕಾರ್ಡಿನಿಂದ ತಾನಾಗೇ ಕಟ್ ಆಗೋ ಹಾಗೆ ಮಾಡಿಸಿದೆವು. 2021ರ ಅಕ್ಟೋಬರ್‌ನಲ್ಲಿ ಆರ್‌ಬಿಐ ನಿಯಮ ಬದಲಾಗಿ ಮುಕ್ಕಾಲು ಪಾಲು ನಿಂತೇ ಹೋಯಿತು. ನಡುವೆ ಕಾಡುಪ್ರಾಣಿಗಳ ಕ್ಯಾಲೆಂಡರ್ ಬೇರೆ ಮಾಡಿಸಿದೆ, 500 ಪ್ರತಿ. ಮಾರಿದ್ದು 140 ಇರಬಹುದು. ಮಿಕ್ಕಿದ್ದು ಈಗಲೂ ಅಟ್ಟದ ಮೇಲಿದೆ. ಫೋಟೋಗಳು ಮಾತ್ರ ಚೆನ್ನಾಗಿದ್ದವು.

ಕೊನೆಗೆ ಕೈ ಹಿಡಿದಿದ್ದು ಯುಪಿಐ ಆಟೋಪೇ. ಫೋನಿನಲ್ಲಿ ಒಂದು ಸಲ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಖಾತೆಯಿಂದ ತಾನಾಗೇ ಕಟ್ ಆಗುತ್ತೆ. ಮೊದಲು ಒಂದನೇ ತಾರೀಕು ಇಟ್ಟೆ. ಬಾಡಿಗೆ, ಇಎಂಐ ಎಲ್ಲ ಅವತ್ತೇ, ಖಾತೆ ಖಾಲಿ. ಐದಕ್ಕೆ ಹಾಕಿದ ಮೇಲೆ ಫೇಲ್ ಆಗೋದು ತಿಂಗಳಿಗೆ ಎರಡೋ ಮೂರೋ. ಐನೂರು ಕೇಳಿದ್ದಾಗ ಒಂದು ವರ್ಷದೊಳಗೆ ಅರ್ಧ ಜನ ಬಿಟ್ಟಿದ್ದರು. ಇನ್ನೂರು ಅಂದರೆ ಯಾರಿಗೂ ನೆನಪೂ ಇರಲ್ಲ. ‘ನಾಳೆ ದುಡ್ಡು ಕಟ್ ಆಗುತ್ತೆ’ ಅನ್ನೋ ಮೆಸೇಜ್ ಬರುತ್ತಲ್ಲ, ಬಿಡುವವರು ಬಿಡೋದು ಅದನ್ನು ನೋಡಿಯೇ. ಅದಕ್ಕೇ ಅವತ್ತು ಬೆಳಗ್ಗೆ ನಾನೂ ಗುಂಪಿಗೆ ಒಂದು ಮೆಸೇಜ್ ಕಳಿಸುತ್ತೇನೆ. ಏನು ಅಂತ ಕೇಳಬೇಡಿ, ಹೇಳಲ್ಲ.

ದುಡ್ಡು ನನ್ನ ಖಾತೆಗೆ ಬರಲ್ಲ, ನೇರ ಒಂದು ಸಣ್ಣ ಟ್ರಸ್ಟಿಗೆ ಹೋಗುತ್ತೆ. ಅಲ್ಲಿ ಒಬ್ಬ ಹುಡುಗನ ಸಂಬಳಕ್ಕೆ ಅದು ಆಸರೆ. ಹುಲಿ ಹಸು ಹಿಡಿದ ಮನೆಗೆ ಹೋಗಿ, ಫೋಟೋ ತೆಗೆದು, ಅರಣ್ಯ ಇಲಾಖೆಯ ಪರಿಹಾರದ ಅರ್ಜಿ ಬರೆದುಕೊಡೋದು ಅವನ ಕೆಲಸ. ‘ಸಂಬಳಕ್ಕೆ ಯಾಕೆ, ಕ್ಯಾಮೆರಾ ಕೊಡಿಸೋಣ’ ಅಂದವರು ತುಂಬಾ ಜನ. ಪರಿಹಾರ ಸಿಗದೆ ಸಿಟ್ಟಿಗೆದ್ದವನು ಸತ್ತ ಹಸುವಿಗೆ ವಿಷ ಸವರಿದರೆ ಕ್ಯಾಮೆರಾ ಏನು ಮಾಡುತ್ತೆ?

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿ ಹಾಗೇ ವಿಷದ ಮಾಂಸ ತಿಂದು ಸತ್ತವು. ಅದೇ ವಾರ ಭಾವ ಫೋನ್ ಮಾಡಿದರು. ‘ಐದು ಸಾವಿರ ಒಟ್ಟಿಗೆ ಹಾಕ್ತೀನಿ ಕಣಯ್ಯಾ.’

‘ಬೇಡ ಭಾವ. ಇನ್ನೂರು. ಐದನೇ ತಾರೀಕು’ ಅಂದೆ.

ಗೊಣಗುತ್ತಲೇ ಸೇರಿದರು. ತೆರಿಗೆ ಹೊಸ ಪದ್ಧತಿಯಲ್ಲಿ ಕಟ್ಟುತ್ತಾರೆ, ಅದರಲ್ಲಿ 80ಜಿ ವಿನಾಯಿತಿ ಸಿಗಲ್ಲ. ಆದರೂ ರಸೀದಿ ಎಲ್ಲಿ ಅಂತ ಈಗಾಗಲೇ ಎರಡು ಸಲ ಕೇಳಿದ್ದಾರೆ.