ಕಡಿಮೆ ಟಿಡಿಎಸ್ ಪ್ರಮಾಣಪತ್ರ ನಿರಾಕರಿಸಿದರೆ ಹೈಕೋರ್ಟಿಗೆ ಹೋಗುವುದು ಹೇಗೆ

ಹುಬ್ಬಳ್ಳಿಯ ಸಣ್ಣ ಗುತ್ತಿಗೆದಾರರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ತೆರಿಗೆ ಫೈಲುಗಳನ್ನು ವಕೀಲರಿಗೆ ಜೋಡಿಸಿಕೊಡುವವಳೂ ನಾನೇ. ಜಾಸ್ತಿ ಟಿಡಿಎಸ್ (ಬಿಲ್ಲಿನ ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹೋದರೆ "ಹೋಗ್ಲಿ ಬಿಡಿ, ಕೊನೆಗೆ ರಿಫಂಡ್ ಬರುತ್ತಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ.

ಲೆಕ್ಕ ನೋಡಿ. ಒಂದು ಪಾಲುದಾರಿಕೆ ಸಂಸ್ಥೆ ವರ್ಷಕ್ಕೆ 5 ಕೋಟಿ ರೂಪಾಯಿ ಕೆಲಸ ಮಾಡುತ್ತದೆ ಅಂದುಕೊಳ್ಳಿ. ಗುತ್ತಿಗೆಗೆ ಶೇ. 2ರಂತೆ 10 ಲಕ್ಷ ಟಿಡಿಎಸ್ ಹೋಗುತ್ತದೆ. ಲಾಭ ಶೇ. 3 ಇದ್ದರೆ, ಸೆಸ್ ಸೇರಿ ನಿಜವಾದ ತೆರಿಗೆ 4.68 ಲಕ್ಷ. ಉಳಿದ 5.32 ಲಕ್ಷ ರಿಫಂಡ್ ಬರುವವರೆಗೆ ಸಿಕ್ಕಿಕೊಂಡಿರುತ್ತದೆ. ಕೂಲಿಯವರ ವಾರದ ಬಟವಾಡೆ ಅಲ್ಲಿಯವರೆಗೆ ಕಾಯುವುದಿಲ್ಲ.

ಇದಕ್ಕಾಗಿಯೇ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 197ನೇ ಸೆಕ್ಷನ್ ಇತ್ತು: ಅರ್ಜಿ ಹಾಕಿದರೆ, ಕಡಿಮೆ ದರದಲ್ಲಿ ಟಿಡಿಎಸ್ ಹಿಡಿಯಿರಿ ಎಂಬ ಪ್ರಮಾಣಪತ್ರವನ್ನು ಆದಾಯ ತೆರಿಗೆ ಅಧಿಕಾರಿ ಕೊಡಬಹುದು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯಲ್ಲಿ ಅದು 395ನೇ ಸೆಕ್ಷನ್. ಕೆಳಗೆ ಹೇಳಿರುವ ತೀರ್ಪುಗಳೆಲ್ಲ ಹಳೆಯ ಸೆಕ್ಷನ್ನಿನ ಮೇಲೆ ಬಂದವು.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಹೈಕೋರ್ಟ್ ಸಾಮಾನ್ಯವಾಗಿ ನಿಮ್ಮ ದರವನ್ನು ತಾನೇ ಲೆಕ್ಕ ಹಾಕಿ ಕೊಡುವುದಿಲ್ಲ. ಅಧಿಕಾರಿ ನಿಯಮದ ಪ್ರಕಾರ ಯೋಚಿಸಿದರಾ, ಕಾರಣ ಬರೆದರಾ ಎಂದು ನೋಡುತ್ತದೆ. ಆದ್ದರಿಂದ ಕೇಸು ಶುರುವಾಗುವುದು ಅರ್ಜಿ ಹಾಕುವಾಗಲೇ. ಹಳೆಯ ಆದಾಯ ತೆರಿಗೆ ನಿಯಮ 28ಎಎ ಪ್ರಕಾರ ಅಧಿಕಾರಿ ಪರಿಶೀಲಿಸಬೇಕಾದದ್ದು ಇಷ್ಟು: ಈ ವರ್ಷದ ಅಂದಾಜು ಆದಾಯಕ್ಕೆ ಬರುವ ತೆರಿಗೆ, ಹಿಂದಿನ 4 ವರ್ಷಗಳ ತೆರಿಗೆ, ಈಗಿರುವ ಬಾಕಿ, ಈವರೆಗೆ ಕಟ್ಟಿದ ಮುಂಗಡ ತೆರಿಗೆ ಮತ್ತು ಕಡಿತವಾದ ಟಿಡಿಎಸ್. ಪ್ರತಿಯೊಂದಕ್ಕೂ ಅರ್ಜಿಯಲ್ಲೇ ಕಾಗದ ಕೊಟ್ಟಿರಿ. ಅಧಿಕಾರಿ ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಿದರೆ ಅದಕ್ಕೆ ದಾಖಲೆ ಇರುವುದಿಲ್ಲ. ಪೋರ್ಟಲಿನಲ್ಲೇ ಬರೆಯಿರಿ.

ನಿರಾಕರಣೆ ಬಂದ ಕೂಡಲೇ ಕಾರಣಗಳನ್ನು ಲಿಖಿತವಾಗಿ ಕೇಳಿ. ಅರ್ಜಿ ಒಪ್ಪಿದಂತೆ ಕಂಡರೂ, ನೀವು ಕೇಳಿದ್ದಕ್ಕಿಂತ ಜಾಸ್ತಿ ದರ ಹಾಕಿದ್ದರೆ ಆಗಲೂ ಕೇಳಿ. ಟಾಟಾ ಟೆಲಿಸರ್ವೀಸಸ್ (ಮಹಾರಾಷ್ಟ್ರ) ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2018ರಲ್ಲಿ ಕಾರಣಗಳ ಮೇಲೆ ಒತ್ತು ಕೊಟ್ಟಿತು. ಮ್ಯಾನ್‌ಪವರ್‌ಗ್ರೂಪ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಕೂಡ 28ಎಎ ಪಾಲಿಸಬೇಕು, ಕಾರಣ ಇರಬೇಕು ಎಂದು ಹೇಳಿ, ಮತ್ತೆ ಪರಿಶೀಲಿಸಲು ಕಳಿಸಿತು. ನಿಮ್ಮ ಆದೇಶದಲ್ಲಿ "ಬಾಕಿ ಇದೆ" ಎಂಬ ಒಂದೇ ಸಾಲಿದ್ದು, ಆ ಬಾಕಿಗೆ ಆಗಲೇ ತಡೆಯಾಜ್ಞೆ ಸಿಕ್ಕಿದ್ದರೆ ಅದು ಗಟ್ಟಿ ಆಧಾರ. ತಡೆಯಾಜ್ಞೆಯ ಪ್ರತಿಯನ್ನು ಅಧಿಕಾರಿಗೆ ಕೊಟ್ಟ ದಾಖಲೆ ಮಾತ್ರ ನಿಮ್ಮ ಬಳಿ ಇರಬೇಕು.

ಇಲ್ಲಿ ಮಾಮೂಲಿ ಮೇಲ್ಮನವಿಯ ದಾರಿಯಿಲ್ಲ. ಹಳೆಯ ಕಾಯ್ದೆಯ 264ನೇ ಸೆಕ್ಷನ್ನಿನಡಿ ಆಯುಕ್ತರಿಗೆ ಮರುಪರಿಶೀಲನೆ ಅರ್ಜಿ ಹಾಕುವ ದಾರಿಯೊಂದಿತ್ತು. "ಅಲ್ಲಿಗೆ ಯಾಕೆ ಹೋಗಲಿಲ್ಲ?" ಎಂದು ಇಲಾಖೆಯ ವಕೀಲರು ಕೇಳಬಹುದು. ಉತ್ತರವನ್ನು ರಿಟ್ ಅರ್ಜಿಯಲ್ಲೇ (ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿ) ಬರೆಯಿರಿ: ಪ್ರಮಾಣಪತ್ರ ಹಿಂದಿನ ದಿನಾಂಕದಿಂದ ಜಾರಿಯಾಗುವುದಿಲ್ಲ, ತಡವಾದಷ್ಟೂ ಪ್ರತಿ ಬಿಲ್ಲಿನಲ್ಲೂ ಕಡಿತ ನಡೆಯುತ್ತಲೇ ಇರುತ್ತದೆ, ಕಾರಣ ಕೊಡದೆ ಸಹಜ ನ್ಯಾಯವನ್ನೇ ಮೀರಲಾಗಿದೆ.

ಸಂವಿಧಾನದ 226ನೇ ವಿಧಿಯಡಿ ಹಾಕುವ ರಿಟ್‌ನಲ್ಲಿ ಕೋರಿಕೆ ಚಿಕ್ಕದಾಗಿರಲಿ. ನಿರಾಕರಣೆ ಆದೇಶ ರದ್ದು ಮಾಡಿ, ಇಂತಿಷ್ಟು ವಾರದೊಳಗೆ ಕಾರಣ ಸಮೇತ ಹೊಸ ಆದೇಶ ಕೊಡಲು ಅಧಿಕಾರಿಗೆ ಹೇಳಬೇಕು ಎಂದಷ್ಟೇ ಕೋರ್ಟನ್ನು ಕೇಳಿ. ವಾರಗಳ ಗಡುವು ಕೇಳದಿದ್ದರೆ ಗೆದ್ದೂ ಪ್ರಯೋಜನವಿಲ್ಲ. ಹಿಂದಿನ ವರ್ಷ ಕಡಿಮೆ ದರ ಸಿಕ್ಕಿದ್ದರೆ ಆ ಪ್ರಮಾಣಪತ್ರವನ್ನೂ ಲಗತ್ತಿಸಿ, ಹೊಸ ಆದೇಶ ಬರುವವರೆಗೆ ಅದೇ ದರಕ್ಕೆ ಮಧ್ಯಂತರ ಆದೇಶ ಕೇಳಿ. ಲಾಭ ಶೇ. 3ರಷ್ಟಾ, ಶೇ. 4ರಷ್ಟಾ ಎಂಬ ಜಗಳವನ್ನು ಕೋರ್ಟಿಗೆ ಒಯ್ಯಬೇಡಿ. ಅಂಥ ವಿವಾದ ಕಂಡರೆ ನ್ಯಾಯಾಧೀಶರು ಇಲಾಖೆಗೇ ವಾಪಸು ಹೋಗಿ ಅನ್ನುತ್ತಾರೆ.

ಜನವರಿವರೆಗೆ ಕಾಯಲೇಬೇಡಿ. ವರ್ಷ ಮುಗಿಯುವ ಹೊತ್ತಿಗೆ ಹೋದರೆ, ರಿಟರ್ನ್ ಹಾಕಿ ರಿಫಂಡ್ ತೆಗೆದುಕೊಳ್ಳಿ ಎಂಬ ಉತ್ತರಕ್ಕೆ ನಿಮ್ಮ ಬಳಿ ಮರುಮಾತು ಇರುವುದಿಲ್ಲ. ಈಗಾಗಲೇ ಕಡಿತವಾದ ಹಣಕ್ಕಂತೂ ರಿಫಂಡ್ ದಾರಿಯೇ ಗತಿ.

ಕೋರ್ಟಿನ ಆದೇಶ ಬಂದರೆ ಪ್ರಮಾಣೀಕೃತ ಪ್ರತಿಯನ್ನು ಅಧಿಕಾರಿಯ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜೊತೆಗೆ ಆ ತಿಂಗಳವರೆಗಿನ ಹೊಸ ಅಂದಾಜನ್ನೂ ಕೊಡಿ, ಹಳೆಯ ಅಂಕಿಗಳಿಂದ ಮತ್ತೆ ಪ್ರಶ್ನೆ ಏಳದಿರಲಿ. ಪ್ರಮಾಣಪತ್ರ ಕೈಗೆ ಬಂದ ದಿನವೇ ಬಿಲ್ ಪಾಸು ಮಾಡುವ ಕಚೇರಿಗೆ ಕಳಿಸಿ, ಅವರ ಟ್ಯಾನ್ ಸಂಖ್ಯೆ (ಟಿಡಿಎಸ್ ಹಿಡಿಯುವವರ ಗುರುತಿನ ಸಂಖ್ಯೆ) ಅದರಲ್ಲಿ ಸರಿಯಾಗಿ ಬಂದಿದೆಯಾ ಎಂದು ಒಂದೊಂದೇ ಅಕ್ಷರ ಹೋಲಿಸಿ ನೋಡಿ.