ಎಪ್ಪತ್ತು ಸ್ಥಾನಗಳೊಳಗೆ ನಾಲ್ಕು ಕಾಫಿ ದರ: ನನ್ನ ಅನುಭವ

ಬಲ್ಕ್ ಎಸ್‌ಎಂಎಸ್ ವ್ಯವಹಾರದಲ್ಲಿರುವ (ಅಂದರೆ ಸಂಸ್ಥೆಗಳ ಪರವಾಗಿ ಒಮ್ಮೆಗೇ ಬಹಳ ಜನರಿಗೆ ಸಂದೇಶ ಕಳುಹಿಸಿಕೊಡುವ) ನಮ್ಮ ಜಿಲ್ಲೆಯ ಗೆಳೆಯರಲ್ಲಿ ಹೆಚ್ಚಿನವರಿಗೆ ಎರಡು ವಿಷಯಗಳಲ್ಲಿ ಸಂಶಯವೇ ಇರಲಿಲ್ಲ. ಕನ್ನಡದಲ್ಲಿ ಸಂದೇಶ ಕಳುಹಿಸಿದರೆ ಖರ್ಚು ಮೂರು ಪಟ್ಟಾಗುತ್ತದೆ ಎಂಬುದು ಒಂದು. ವಾಟ್ಸಾಪ್ ಗುಂಪುಗಳಿರುವಾಗ ಕಾಫಿ ದರಕ್ಕಾಗಿ ಎಸ್‌ಎಂಎಸ್ ಯಾರಿಗೂ ಬೇಕಾಗಿಲ್ಲ ಎಂಬುದು ಇನ್ನೊಂದು. ಚಿಕ್ಕಮಗಳೂರಿನ ಒಬ್ಬ ಕಾಫಿ ಖರೀದಿದಾರರಿಗಾಗಿ, ಬೆಳೆಗಾರರಿಗೆ ಕನ್ನಡದ ಎಸ್‌ಎಂಎಸ್‌ನಲ್ಲಿ ದರ ತಿಳಿಸಲು ನಾನು ಕಟ್ಟಿದ ವ್ಯವಸ್ಥೆ ಈಗ ಮೂರನೆಯ ಕೊಯ್ಲಿಗೆ ಕಾಲಿಟ್ಟಿದೆ. ಅಂದು ನಕ್ಕವರಲ್ಲಿ ಇಬ್ಬರು ಈಗ ಅದನ್ನೇ ಸಕಲೇಶಪುರದಲ್ಲಿಯೂ ಹಾಸನದಲ್ಲಿಯೂ ಮಾಡಿಕೊಡಿ ಎಂದು ಕೇಳುತ್ತಿರುವುದರಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುವುದು ಲೇಸು. ಡಿಎಲ್‌ಟಿ ನೋಂದಣಿ (ಇಂಥ ಸಂದೇಶ ಕಳುಹಿಸುವ ಸಂಸ್ಥೆಗಳು ಆಪರೇಟರುಗಳ ಬಳಿ ಮಾಡಿಸಬೇಕಾದ ನೋಂದಣಿ), ಹೆಡರ್ (ಕಳುಹಿಸಿದವರ ಗುರುತಾಗಿ ಕಾಣುವ ಹೆಸರು ಅಥವಾ ಅಂಕಿ), ಟೆಂಪ್ಲೇಟ್ (ಮೊದಲೇ ಒಪ್ಪಿಗೆ ಪಡೆದ ಸಂದೇಶದ ಅಚ್ಚು) ಇವುಗಳ ವಿವರಕ್ಕೆ ಇಲ್ಲಿ ಇಳಿಯುವುದಿಲ್ಲ. ಈ ಪದಗಳಲ್ಲಿ ಪ್ರತಿಯೊಂದೂ ಬಿಲ್ಲಿನಲ್ಲಿ ಹೇಗೆ ಹಣವಾಗಿ ಇಳಿಯುತ್ತದೆ ಎಂಬುದಷ್ಟೇ ನನ್ನ ವಿಷಯ.

ಮೊದಲ ಹಂಗಾಮಿನಲ್ಲಿ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಆಲ್ದೂರು, ಮಲ್ಲಂದೂರು, ಬಾಳೆಹೊನ್ನೂರು, ಮೂಡಿಗೆರೆ ಸೀಮೆಯ ಸುಮಾರು 1,800 ಬೆಳೆಗಾರರ ಸಂಖ್ಯೆಗಳು ಖರೀದಿದಾರರ ಪುಸ್ತಕದಲ್ಲಿದ್ದವು. ದಿನಕ್ಕೊಮ್ಮೆ ಅಷ್ಟೂ ಜನರಿಗೆ ದರವನ್ನು ಕಳುಹಿಸುವುದೆಂದು ನಿರ್ಧಾರವಾಯಿತು. ಪೂರ್ತಿ ವಾಕ್ಯಗಳಲ್ಲಿ, ನಮಸ್ಕಾರದಿಂದ ತೊಡಗಿ ಧನ್ಯವಾದದಲ್ಲಿ ಮುಗಿಯುವ ಸುಂದರವಾದ ಕನ್ನಡ ಸಂದೇಶವೊಂದನ್ನು ಖರೀದಿದಾರರೇ ಬರೆದುಕೊಟ್ಟರು. ಅದು ಮೂರು ಪಾರ್ಟ್ ಆಯಿತು; ಉದ್ದದ ಸಂದೇಶ ಒಡೆದು ಹೋಗುವ, ಒಂದೊಂದಕ್ಕೂ ಬೇರೆ ಬಿಲ್ಲಾಗುವ ತುಂಡೇ ಪಾರ್ಟ್. ಪಾರ್ಟಿಗೆ ಇಪ್ಪತ್ತು ಪೈಸೆಯ ಆಸುಪಾಸಿನಂತೆ ದಿನಕ್ಕೆ ಸಾವಿರದ ಎಂಬತ್ತು ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಹಂಗಾಮು ಮುಗಿಯುವ ಹೊತ್ತಿಗೆ ಖರ್ಚು ಒಂದು ಲಕ್ಷದ ಇಪ್ಪತ್ತೈದು ಸಾವಿರದ ಹತ್ತಿರಕ್ಕೆ ಹೋಗಿತ್ತು ಎಂದು ನೆನಪು. ಗೆಳೆಯರ ಮೊದಲ ಮಾತು ಅಕ್ಷರಶಃ ನಿಜವಾದಂತೆ ಕಂಡಿತು.

ಆದರೆ ಖರ್ಚಿಗಿಂತ ದೊಡ್ಡ ತೊಂದರೆ ಡಿಎಲ್‌ಆರ್‌ನಲ್ಲಿ, ಅಂದರೆ ಸಂದೇಶ ತಲುಪಿತೇ ಎಂಬ ವರದಿಯಲ್ಲಿತ್ತು. ಘಟ್ಟದ ತಗ್ಗಿನ ತೋಟಗಳಲ್ಲಿ ಸಿಗ್ನಲ್ ಇಲ್ಲದ ಫೋನಿಗೆ ಸಂದೇಶ ತಲುಪುವುದಿಲ್ಲ; ಅದು ಆಪರೇಟರಿನ ಕೇಂದ್ರದಲ್ಲಿ ಕಾದಿದ್ದು, ಬೆಳೆಗಾರರು ಮರುದಿನ ಪೇಟೆಗೆ ಬಂದಾಗ ಟಣ್ ಎಂದು ಬೀಳುತ್ತದೆ. ವರದಿಯಲ್ಲಿ ಅದೂ ‘ಡೆಲಿವರ್ಡ್’ ಎಂದೇ ದಾಖಲಾಗುತ್ತದೆ. ನಿನ್ನೆಯ ದರವನ್ನು ಇಂದಿನದೆಂದು ತಿಳಿದು ಪಿಕಪ್‌ನಲ್ಲಿ ಚೀಲಗಳನ್ನು ಹೇರಿಕೊಂಡು ಬಂದವರೊಡನೆ ಅಂಗಡಿಯ ಮುಂದೆ ಮಾತಿಗೆ ಮಾತು ಬೆಳೆಯಿತು. ಖರೀದಿದಾರರು ಮರ್ಯಾದೆಗಾಗಿ ಕೆಲವರಿಗೆ ಹಳೆಯ ದರವನ್ನೇ ಕೊಡಬೇಕಾಯಿತು. ಆ ವ್ಯತ್ಯಾಸದ ಹಣವನ್ನು ಅವರು ನನ್ನ ಲೆಕ್ಕಕ್ಕೆ ಬರೆಯಲಿಲ್ಲ, ಆದರೆ ಮರೆಯಲೂ ಇಲ್ಲ. ವ್ಯಾಲಿಡಿಟಿಯನ್ನು (ತಲುಪದ ಸಂದೇಶ ಕಾದಿರುವ ಅವಧಿಯನ್ನು) ನಾಲ್ಕು ಗಂಟೆಗೆ ಇಳಿಸಿದಾಗ ಹಳೆಯ ದರ ಬರುವುದೇನೋ ನಿಂತಿತು, ಆದರೆ ತಗ್ಗಿನವರಿಗೆ ಯಾವ ದರವೂ ಬಾರದಂತಾಯಿತು. ಸಾಲದ್ದಕ್ಕೆ, ಬಿಲ್ಲು ತಲುಪಿದ ಲೆಕ್ಕಕ್ಕಲ್ಲ, ಸಬ್ಮಿಟ್ ಆದ ಲೆಕ್ಕಕ್ಕೆ ಬರುತ್ತಿದ್ದುದರಿಂದ ಅವಧಿ ಮುಗಿದು ‘ಎಕ್ಸ್‌ಪೈರ್ಡ್’ ಆದ ಸಂದೇಶಗಳಿಗೂ ನಾವು ಹಣ ಕೊಟ್ಟೆವು.

ಸಂದೇಶದ ವರ್ಗದ ಜಗಳ ಬೇರೆ. ದರದ ಸಂದೇಶವನ್ನು ವೆಂಡರ್ (ನಮಗೆ ಎಸ್‌ಎಂಎಸ್ ಸೇವೆ ಮಾರುವವರು) ಪ್ರೊಮೋಷನಲ್, ಅಂದರೆ ಜಾಹೀರಾತು, ಎಂದೇ ಹಾಕಿಸಿದರು. ಹಾಗಾದಾಗ ಹೆಸರಿನ ಹೆಡರ್ ಹೋಗಿ ಅಂಕಿಗಳ ಹೆಡರ್ ಬಂತು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರೊಳಗೆ ಮಾತ್ರ ಕಳುಹಿಸಬೇಕಾಯಿತು. ಡಿಎನ್‌ಡಿಯಲ್ಲಿದ್ದವರೆಲ್ಲ (ಜಾಹೀರಾತು ಸಂದೇಶ ಬೇಡವೆಂದು ನೋಂದಾಯಿಸಿದವರು) ಸ್ಕ್ರಬ್ಬಿಂಗ್‌ನಲ್ಲಿ, ಅಂದರೆ ಪ್ರತಿ ಸಂದೇಶವನ್ನೂ ನೋಂದಣಿಗಳೊಡನೆ ತಾಳೆ ನೋಡುವ ಜರಡಿಯಲ್ಲಿ, ಉದುರಿಹೋದರು. ನಮ್ಮ ಪಟ್ಟಿಯಲ್ಲಿ ಮೂರನೆಯ ಒಂದರಷ್ಟು ಸಂಖ್ಯೆಗಳು ಡಿಎನ್‌ಡಿಯಲ್ಲಿದ್ದವು. ಬೆಂಗಳೂರಿನಲ್ಲಿರುವ ಮಕ್ಕಳು ಊರಿಗೆ ಬಂದಾಗ ತಂದೆಯ ಫೋನಿನಿಂದ 1909ಕ್ಕೆ ಡಿಎನ್‌ಡಿ ಕೋರಿಕೆ ಕಳುಹಿಸಿ ಹೋಗಿರುತ್ತಾರೆ, ತಂದೆಗೆ ಅದರ ಅರಿವೂ ಇರುವುದಿಲ್ಲ. ಬ್ಯಾಂಕಿನ ಒಟಿಪಿಗೆ ಮೀಸಲಾಗಿದ್ದ ಟ್ರಾನ್ಸಾಕ್ಷನಲ್ ದಾರಿಯಲ್ಲಿ ಇದನ್ನು ನುಗ್ಗಿಸಿಕೊಡುತ್ತೇನೆಂದು ಹೇಳಿದ ಒಬ್ಬ ವೆಂಡರನ್ನು ನಾನು ಅಂದೇ ಬಿಟ್ಟೆ. 2021ರ ಮಾರ್ಚ್ 8ರಂದು ಸ್ಕ್ರಬ್ಬಿಂಗ್ ಮೊದಲು ಜಾರಿಗೆ ಬಂದು, ದೇಶದ ಒಟಿಪಿಗಳೇ ನಿಂತು, ಮರುದಿನವೇ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಅದನ್ನು ಒಂದು ವಾರ ಮುಂದೂಡಬೇಕಾಗಿ ಬಂದದ್ದನ್ನು ಕಂಡವರು ಅಂಥ ಅಡ್ಡದಾರಿಯನ್ನು ನಂಬಲಾರರು.

ಇಲ್ಲಿಂದ ನನ್ನ ಲೆಕ್ಕ ತಿರುಗಿತು. ತಗ್ಗಿನ ತೋಟದಲ್ಲಿ ಡೇಟಾ ಇಲ್ಲದಿದ್ದರೂ ಕಣದ ಮೂಲೆಯಲ್ಲೋ ಗೇಟಿನ ಬಳಿಯ ದಿಬ್ಬದ ಮೇಲೋ ಕರೆ ಹೋಗುವಷ್ಟು ಸಿಗ್ನಲ್ ಸಿಗುತ್ತದೆ, ಮತ್ತು ಆ ಜಾಗ ಎಲ್ಲಿದೆ ಎಂಬುದು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ದರವನ್ನು ನಾವು ಕಳುಹಿಸುವುದೇ ಬೇಡ. ದರ ಬೇಕಾದವರು ಮಿಸ್ಡ್ ಕಾಲ್ ಕೊಡಲಿ, ಆ ಕ್ಷಣದ ದರ ಅವರಿಗೆ ಮರುಸಂದೇಶವಾಗಿ ಹೋಗಲಿ. ಕರೆ ಮಾಡಿದ ಫೋನು ಆ ಕ್ಷಣ ಸಿಗ್ನಲ್‌ನಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಎಕ್ಸ್‌ಪೈರ್ಡ್ ಎಂಬ ಸಾಲು ವರದಿಯಿಂದ ಬಹುಪಾಲು ಮಾಯವಾಯಿತು. ಕೇಳಿದವರಿಗಷ್ಟೇ ಉತ್ತರ ಹೋಗುವುದರಿಂದ ಟೆಂಪ್ಲೇಟನ್ನು ಸರ್ವಿಸ್ ಇಂಪ್ಲಿಸಿಟ್ ವರ್ಗದಲ್ಲಿ (ಜಾಹೀರಾತಲ್ಲದ, ಗ್ರಾಹಕರಿಗೆ ಬೇಕಾದ ಸೇವಾ ಮಾಹಿತಿಯ ವರ್ಗ) ಸಲ್ಲಿಸಲು ಆಧಾರವೂ ಸಿಕ್ಕಿತು. ಆದರೂ ಅದು ಮೂರ್ನಾಲ್ಕು ಬಾರಿ ತಿರಸ್ಕೃತವಾಯಿತು. ‘ದರ’ ಎಂದು ಕಂಡೊಡನೆ ಪರಿಶೀಲಿಸುವವರು ಅದನ್ನು ಪ್ರೊಮೋಷನಲ್ ಕಡೆಗೆ ತಳ್ಳುತ್ತಿದ್ದರು. ಕೊನೆಗೆ ಸಂದೇಶದ ಒಂದಕ್ಷರವನ್ನೂ ಬದಲಿಸದೆ, ಅರ್ಜಿಯ ಜೊತೆಗಿನ ವಿವರಣೆಯನ್ನು ಬೇರೆ ರೀತಿಯಲ್ಲಿ ಬರೆದಾಗ ಒಪ್ಪಿಗೆ ದೊರೆಯಿತು. ಆ ವಿವರಣೆಯ ಒಕ್ಕಣೆಯನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ.

ಇನ್ನು ಕನ್ನಡದ ಖರ್ಚು. ಇಂಗ್ಲಿಷಿನಲ್ಲಿ ಒಂದು ಪಾರ್ಟಿಗೆ 160 ಸ್ಥಾನ, ಕನ್ನಡಕ್ಕೆ ಬೇಕಾದ ಯೂನಿಕೋಡಿನಲ್ಲಿ 70, ಪಾರ್ಟ್ ಹೆಚ್ಚಾದರೆ ಕ್ರಮವಾಗಿ 153 ಮತ್ತು 67 ಎಂಬುದು ನಮಗೆಲ್ಲ ಬಾಯಿಪಾಠ. ಆದರೆ ಆ ಎಪ್ಪತ್ತು ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕವಲ್ಲ. ಗುಣಿತದ ಚಿಹ್ನೆಗೊಂದು, ಒತ್ತಕ್ಷರದ ಹಿಂದೆ ಅಡಗಿರುವ ವಿರಾಮಕ್ಕೊಂದು (ಅರ್ಧಾಕ್ಷರ ಮಾಡುವ ಚಿಹ್ನೆಗೆ) ಸ್ಥಾನ ಹೋಗುತ್ತದೆ. ‘ಹಾಸನ’ಕ್ಕೆ ನಾಲ್ಕೇ ಸ್ಥಾನ ಸಾಕು, ‘ಚಿಕ್ಕಮಗಳೂರು’ ಎಂದರೆ 11. ‘ಪಾರ್ಚ್‌ಮೆಂಟ್’ ಎಂಬುದಕ್ಕೆ 12 ಬೇಕು, ಅದರಲ್ಲಿ ಒಂದು ಕಣ್ಣಿಗೇ ಕಾಣದ ಜೋಡಣೆ ತಡೆಯುವ ಸಂಕೇತ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂಬ ನಾಲ್ಕು ಬಗೆಯ ಕಾಫಿಯ ಹೆಸರುಗಳನ್ನು (ತಿರುಳು ತೆಗೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರ್ರಿ) ಪೂರ್ತಿ ಬರೆದರೆ ಅವುಗಳಿಗೇ 68 ಖರ್ಚಾಗಿ, ದರ ಬರೆಯಲು ಎರಡು ಸ್ಥಾನ ಉಳಿಯುತ್ತದೆ!

ಆದ್ದರಿಂದ ಅಪಾ, ಅಚೆ, ರೋಪಾ, ರೋಚೆ ಎಂದು ಮೊಟಕುಗೊಳಿಸಿದೆ. ನಾಲ್ಕೂ ಸೇರಿ 14. ವ್ಯಾಪಾರಿಗಳಲ್ಲಿ ರೂಢಿಯಿರುವ ಎಪಿ, ಆರ್‌ಪಿ ಮುಂತಾದವನ್ನು ಕನ್ನಡದಲ್ಲಿ ಬರೆದರೆ ‘ಆರ್‌ಪಿ’ ಒಂದಕ್ಕೇ ಆರು ಸ್ಥಾನ ಹೋಗುವುದರಿಂದ ಅದನ್ನು ಕೈಬಿಟ್ಟೆ. ರೋಮನ್ ಅಕ್ಷರದಲ್ಲಾದರೆ ಎರಡೇ ಸ್ಥಾನ ಸಾಕು, ಆದರೆ ಫೋನು ನೋಡುವುದು ಬಹುತೇಕ ತೋಟಗಳಲ್ಲಿ ರೈಟರು (ತೋಟದ ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ. ಅವರಿಗೆ ಕನ್ನಡವೇ ಸಲೀಸು. ಮುಂದೆ ದಿನಾಂಕ, ಆಮೇಲೆ ‘ಕಾಫಿ ದರ’, ಆಮೇಲೆ ನಾಲ್ಕು ಐದಂಕಿಯ ದರಗಳು: 28/12ರಂತಹ ಉದ್ದದ ದಿನಾಂಕ ಬಂದರೂ ನಡುವಿನ ಜಾಗಗಳೂ ಸೇರಿ ಒಟ್ಟು 55. ಐವತ್ತು ಕಿಲೋ ಎಂದು ಬರೆಯುವ ಅಗತ್ಯವಿಲ್ಲ, ನಮ್ಮಲ್ಲಿ ದರ ಎಂದರೆ ಐವತ್ತು ಕಿಲೋ ಚೀಲದ ದರವೇ. ಉಳಿದ 15ರಲ್ಲಿ ಸಂಸ್ಥೆಯ ಹೆಸರು ಕೂರಬೇಕಾಗಿತ್ತು, ಅದಿಲ್ಲದೆ ಟೆಂಪ್ಲೇಟ್ ಒಪ್ಪಿಗೆಯಾಗದು. ‘ಟ್ರೇಡರ್ಸ್’ ಎಂಬ ಒಂದೇ ಪದಕ್ಕೆ ಒಂಬತ್ತು ಸ್ಥಾನ ಬೇಕೆಂದು ತಿಳಿದಾಗ ಖರೀದಿದಾರರಿಗೆ ಬೇಸರವಾಯಿತು. ತಂದೆಯ ಕಾಲದಿಂದ ಬೋರ್ಡಿನ ಮೇಲಿರುವ ಪದವದು. ಎರಡು ದಿನ ಯೋಚಿಸಿ, ಒಂದು ಪಾರ್ಟಿನ ಬಿಲ್ಲು ಮತ್ತು ಎರಡು ಪಾರ್ಟಿನ ಬಿಲ್ಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ, ಅದನ್ನು ತೆಗೆಯಲು ಅವರೇ ಒಪ್ಪಿದರು. ಮೊಟಕು ಹೆಸರುಗಳ ಅರ್ಥವನ್ನು ತೂಕದ ಚೀಟಿಯ ಹಿಂಬದಿಯಲ್ಲಿ ಮುದ್ರಿಸಿಕೊಟ್ಟೆವು. ಹದಿನೈದು ದಿನಗಳಲ್ಲಿ ಬೆಳೆಗಾರರೇ ‘ಇವತ್ತು ರೋಚೆ ಎಷ್ಟು’ ಎಂದು ಕೇಳತೊಡಗಿದರು.

ಜೋಡಣೆ ತಡೆಯುವ ಆ ಕಾಣದ ಸಂಕೇತ ಇನ್ನೂ ಒಂದು ಪೆಟ್ಟು ಕೊಡುತ್ತದೆ. ಟೆಂಪ್ಲೇಟನ್ನು ಒಂದು ಕೀಲಿಮಣೆಯಲ್ಲಿ ಟೈಪಿಸಿ ನೋಂದಾಯಿಸಿ, ಕಳುಹಿಸುವ ತಂತ್ರಾಂಶದಲ್ಲಿ ಇನ್ನೊಂದರಲ್ಲಿ ಟೈಪಿಸಿದರೆ, ಕಣ್ಣಿಗೆ ಎರಡೂ ಒಂದೇ ಆಗಿದ್ದರೂ ಸ್ಕ್ರಬ್ಬಿಂಗ್‌ನಲ್ಲಿ ‘ಟೆಂಪ್ಲೇಟ್ ಹೊಂದುತ್ತಿಲ್ಲ’ ಎಂದು ಬೀಳುತ್ತದೆ. ‘ರೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು, ಪರದೆಯ ಮೇಲೆ ವ್ಯತ್ಯಾಸ ತಿಳಿಯದು. ಒಮ್ಮೆ ಹೀಗಾಗಿ ಇಡೀ ಬೆಳಗಿನ ಉತ್ತರಗಳು ಬಿದ್ದುಹೋದವು, ವೆಂಡರಿನ ಸಹಾಯವಾಣಿಯವರು ಹೆಡರ್ ಬದಲಿಸಿ ನೋಡಿ ಎಂದು ಸಲಹೆ ಕೊಟ್ಟರು. ನೋಂದಾಯಿತವಾದ ಪಠ್ಯವನ್ನೇ ನಕಲು ಮಾಡಿ ಅಂಟಿಸಿ, ವೇರಿಯಬಲ್‌ಗಳಲ್ಲಿ (ಟೆಂಪ್ಲೇಟಿನೊಳಗೆ ಬದಲಾಗುವ ಜಾಗಗಳಲ್ಲಿ) ಅಂಕಿಗಳನ್ನು ಬಿಟ್ಟು ಬೇರೇನೂ ಹೋಗದಂತೆ ತಡೆದ ಮೇಲೆ ಈ ಕಾಟ ಮತ್ತೆ ಬರಲಿಲ್ಲ.

ಅಡ್ಡ ಪ್ರಯೋಗಗಳೂ ನಡೆದವು. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆದು 160ರ ಲಾಭ ಪಡೆಯಲು ಒಂದು ವಾರ ಪ್ರಯತ್ನಿಸಿದೆ; ಸಂದೇಶದ ಖರ್ಚು ಉಳಿಯಿತು, ಆದರೆ ಅರ್ಥ ಕೇಳಲು ಅಂಗಡಿಗೆ ಬಂದ ಕರೆಗಳಿಂದ ಗುಮಾಸ್ತರ ಅರ್ಧ ದಿನ ಹಾಳಾಯಿತು. ಕನ್ನಡಕ್ಕೆಂದೇ ಏಳು ಬಿಟ್‌ಗಳ ಪ್ರತ್ಯೇಕ ಕೋಷ್ಟಕವೊಂದು ಮೊಬೈಲ್ ಮಾನದಂಡದಲ್ಲಿದೆ, ಅದನ್ನು ಬಳಸಿದರೆ ಒಂದು ಪಾರ್ಟಿನಲ್ಲಿ 155ರವರೆಗೆ ಹೋಗಬಹುದು ಎಂದು ಓದಿ ಬಹಳ ಉತ್ಸಾಹದಿಂದ ಹೊರಟೆ. ನಾನು ವಿಚಾರಿಸಿದ ಯಾವ ವೆಂಡರಿನ ಗೇಟ್‌ವೇಯೂ ಅದನ್ನು ಹಾಯಿಸಲಿಲ್ಲ; ಮೋಡೆಮ್ ಮೂಲಕ ಕಳುಹಿಸಿ ನೋಡಿದಾಗ ಹಳೆಯ ಫೋನೊಂದು ಸಾಲುಸಾಲು ಪ್ರಶ್ನಾರ್ಥಕಗಳನ್ನು ತೋರಿಸಿತು. ಪೂರ್ತಿ ದರಪಟ್ಟಿಗೆ ಕೊಂಡಿ ಸೇರಿಸುವ ಯೋಚನೆಯೂ ಇತ್ತು. 2024ರ ಅಕ್ಟೋಬರ್ 1ರಿಂದ ಮೊದಲೇ ನೋಂದಾಯಿಸದ ಕೊಂಡಿಗಳಿರುವ ಸಂದೇಶಗಳನ್ನು ತಡೆಯುವ ನಿಯಮ ಬಂದುದರಿಂದ ಅದನ್ನು ಮುಂದುವರಿಸಲಿಲ್ಲ. ಡೇಟಾ ಇಲ್ಲದ ತೋಟದಲ್ಲಿ ಕೊಂಡಿಯಿಂದ ಪ್ರಯೋಜನವೂ ಇರಲಿಲ್ಲ.

ಹೊಸ ಪದ್ಧತಿಗೂ ಒಂದು ದೊಡ್ಡ ಹೊಡೆತ ಬಿತ್ತು, ಅದು ಅರೇಬಿಕಾ ಕೊಯ್ಲಿನ ನಡುವೆಯೇ. 2024ರ ಡಿಸೆಂಬರ್ 11ರಿಂದ, ಸಂಸ್ಥೆಯಿಂದ ಆಪರೇಟರಿನವರೆಗೆ ಸಂದೇಶ ಯಾರ ಯಾರ ಕೈ ದಾಟುತ್ತದೆ ಎಂಬ ಸರಪಳಿ ಮೊದಲೇ ಘೋಷಿಸಿದ್ದಕ್ಕೆ ಹೊಂದದಿದ್ದರೆ ಸಂದೇಶ ತಿರಸ್ಕಾರವಾಗುವ ನಿಯಮ ಜಾರಿಗೆ ಬಂತು. ನಮ್ಮ ವೆಂಡರ್ ತಮಗೂ ಆಪರೇಟರಿಗೂ ನಡುವೆ ಒಬ್ಬರೇ ಇದ್ದಾರೆ ಎಂದು ಬರೆದುಕೊಟ್ಟಿದ್ದರು. ನಿಜದಲ್ಲಿ ಇನ್ನೊಬ್ಬ ಮರುಮಾರಾಟಗಾರರು ನಡುವೆ ಕುಳಿತಿದ್ದರು. ಮೂರು ದಿನ ಒಂದೇ ಒಂದು ಉತ್ತರವೂ ಹೋಗಲಿಲ್ಲ, ಬೆಳೆಗಾರರು ಮಿಸ್ಡ್ ಕಾಲ್ ಬಿಟ್ಟು ಅಂಗಡಿಗೇ ಕರೆ ಮಾಡತೊಡಗಿದರು. ಆ ಮೂರು ದಿನಗಳಲ್ಲಿ ನಾನು ಬೇರೆ ವೆಂಡರಿನೊಡನೆ ಸರಪಳಿಯನ್ನು ಹೊಸದಾಗಿ ಜೋಡಿಸಿದೆ. ಪಾರ್ಟಿಗೆ ಎರಡು ಮೂರು ಪೈಸೆ ಹೆಚ್ಚಾಯಿತು, ಆದರೆ ನಡುವಿನ ಕೈಗಳು ಕಡಿಮೆಯಾದವು. ಅಗ್ಗದ ದರ ಹೇಳುವವರನ್ನು ಈಗ ನಾನು ಮೊದಲು ಕೇಳುವುದು ಸರಪಳಿಯಲ್ಲಿ ಎಷ್ಟು ಹೆಸರುಗಳಿವೆ ಎಂದು.

ಅಗ್ಗದವರಲ್ಲಿ ‘ಕಟಿಂಗ್’ ಕೂಡ ನಡೆಯುತ್ತದೆ: ನೂರರಲ್ಲಿ ಇಷ್ಟು ಸಂದೇಶಗಳನ್ನು ಕಳುಹಿಸದೆಯೇ ಡೆಲಿವರ್ಡ್ ಎಂದು ತೋರಿಸುವುದು. ಎಲ್ಲರಿಗೂ ಒಮ್ಮೆಗೇ ಕಳುಹಿಸುತ್ತಿದ್ದ ಬ್ರಾಡ್‌ಕಾಸ್ಟ್ ಕಾಲದಲ್ಲಿ ನಾನು ನಾಲ್ಕೂ ಆಪರೇಟರುಗಳ ಸಿಮ್‌ಗಳನ್ನು ಪಟ್ಟಿಯೊಳಗೆ ಬೆರೆಸಿಟ್ಟು ಒಬ್ಬರನ್ನು ಹಿಡಿದೆ. ಎಷ್ಟು ಸಿಮ್‌ಗಳನ್ನು, ಪಟ್ಟಿಯ ಯಾವ ಯಾವ ಜಾಗದಲ್ಲಿ ಇಟ್ಟಿದ್ದೆ ಎಂದು ಬರೆದರೆ ಆ ಉಪಾಯ ಅಂದಿಗೇ ಮುಗಿಯುತ್ತದೆ. ಮಿಸ್ಡ್ ಕಾಲ್ ಪದ್ಧತಿಯಲ್ಲಿ ಈ ಕಾವಲು ತಾನಾಗಿಯೇ ನಡೆಯುತ್ತದೆ, ಏಕೆಂದರೆ ಉತ್ತರ ಬಾರದ ಬೆಳೆಗಾರರು ಐದೇ ನಿಮಿಷದಲ್ಲಿ ಬೈಯುತ್ತಾರೆ.

ಈಗಿನ ಲೆಕ್ಕ ಹೀಗಿದೆ. ಹಂಗಾಮಿನಲ್ಲಿ ದಿನಕ್ಕೆ ಸುಮಾರು 450 ಉತ್ತರಗಳು, ಎಲ್ಲವೂ ಒಂದೇ ಪಾರ್ಟ್. ಜಿಎಸ್‌ಟಿ ಸೇರಿ ನೂರಾ ಇಪ್ಪತ್ತು ರೂಪಾಯಿಯೊಳಗೆ ದಿನ ಕಳೆಯುತ್ತದೆ. ಮಿಸ್ಡ್ ಕಾಲ್ ಸಂಖ್ಯೆಯ ಬಾಡಿಗೆ ತಿಂಗಳಿಗೆ ಸಾವಿರದೊಳಗೆ. ಮಳೆಗಾಲದಲ್ಲಿ ಉತ್ತರಗಳು ದಿನಕ್ಕೆ ಮೂವತ್ತಕ್ಕೆ ಇಳಿಯುತ್ತವೆ. ಕರೆ ಕತ್ತರಿಸಿದ ಏಳೆಂಟು ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ, ತಗ್ಗಿನ ಕೆಲವು ಟವರುಗಳಲ್ಲಿ ಅರ್ಧ ನಿಮಿಷವಾಗುವುದುಂಟು. ದರ ಏರಿಳಿಯುವ ದಿನಗಳಲ್ಲಿ ಕೆಲವರು ಇಪ್ಪತ್ತು ಬಾರಿ ಕರೆ ಕೊಡುತ್ತಾರೆ. ದರ ಬದಲಾಗದಿದ್ದರೆ ಅದೇ ಸಂಖ್ಯೆಗೆ ಎರಡು ಗಂಟೆಯೊಳಗೆ ಮತ್ತೆ ಉತ್ತರ ಹೋಗದಂತೆ ತಡೆ ಹಾಕಿದ್ದೇನೆ. 2025ರಲ್ಲಿ ಹೆಡರಿನ ಕೊನೆಗೆ ಪಿ, ಎಸ್, ಟಿ, ಜಿ (ಪ್ರೊಮೋಷನಲ್, ಸರ್ವಿಸ್, ಟ್ರಾನ್ಸಾಕ್ಷನಲ್, ಸರ್ಕಾರಿ) ಎಂಬ ಗುರುತುಗಳು ಬಂದ ಮೇಲೆ, ಕೊನೆಯಲ್ಲಿ ಎಸ್ ಇದ್ದರೆ ಮಾತ್ರ ಅದು ನಮ್ಮ ದರವೆಂದು ಚೀಟಿಯಲ್ಲಿ ಮುದ್ರಿಸಿದ್ದೇವೆ. ಹೆಡರಿನ ಮೊದಲಿನ ಎರಡು ಅಕ್ಷರಗಳಲ್ಲಿ ಮೊದಲನೆಯದು ಆಪರೇಟರಿನದು, ಎರಡನೆಯದು ಟೆಲಿಕಾಂ ವೃತ್ತದ್ದು (ಸೇವಾ ಪ್ರದೇಶದ್ದು), ಕರ್ನಾಟಕಕ್ಕೆ ಎಕ್ಸ್ ಎಂಬುದನ್ನು ಕೆಲವು ಹುಡುಗರು ತಾವೇ ಪತ್ತೆ ಮಾಡಿಕೊಂಡಿದ್ದಾರೆ.

ಬೆಳೆಗಾರರು ಈಗ ಕೇಳುತ್ತಿರುವುದು ಮೆಣಸಿನ ದರ. ‘ಮೆಣಸು’ ಎಂಬುದಕ್ಕೆ ಐದು, ಕಿಲೋ ದರದ ಅಂಕಿಗೆ ಮೂರು, ಜಾಗಗಳಿಗೆ ಎರಡು, ಒಟ್ಟು ಹತ್ತು ಸ್ಥಾನ ಬೇಕು. ಅಷ್ಟು ಬಿಟ್ಟುಕೊಟ್ಟರೆ ಸಂಸ್ಥೆಯ ಹೆಸರಿಗೆ ಐದೇ ಉಳಿಯುವುದರಿಂದ ಒಂದೇ ಸಂದೇಶದಲ್ಲಿ ಅದು ಕೂರುವುದಿಲ್ಲ. ಆದ್ದರಿಂದ ಮೆಣಸಿಗೆಂದೇ ಎರಡನೆಯ ಮಿಸ್ಡ್ ಕಾಲ್ ಸಂಖ್ಯೆಯನ್ನು ತೆಗೆದುಕೊಂಡಿದ್ದೇನೆ. ಅದರ ಟೆಂಪ್ಲೇಟ್ ಒಮ್ಮೆ ತಿರಸ್ಕೃತವಾಗಿ, ಮರುಸಲ್ಲಿಕೆಯಾಗಿ, ಈಗ ಒಪ್ಪಿಗೆಗೆ ಕಾದಿದೆ. ಸಂಖ್ಯೆಯ ಬಾಡಿಗೆ ಮಾತ್ರ ಈ ತಿಂಗಳಿಂದಲೇ ಓಡುತ್ತಿದೆ.